ಅರಸು ಕಾಲದಲ್ಲಿ ಅಜ್ಜನಿಗೆ ಜಮೀನು ಸಿಕ್ಕಿತು, ಅದೇ ಕಾಲದಲ್ಲಿ ಸ್ನೇಹಲತಾ ರೆಡ್ಡಿ ಜೈಲಿನಲ್ಲಿದ್ದರು: ಎರಡನ್ನೂ ಬರೆದರೆ ನಾನು ಯಾವ ಕಡೆಯವಳು?

ಗಂಗಾವಳಿ ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಾನು ಉತ್ತರ ಕನ್ನಡದವಳು. ನಮ್ಮ ಕಡೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ಆರು ವರ್ಷದಿಂದ ರಾಜಕೀಯ ಅಂಕಣ ಬರೆಯುತ್ತಿದ್ದೇನೆ. ದುಡ್ಡು ಬರುವುದಿಲ್ಲ. ಊರಿನವರು ಓದುತ್ತಾರೆ, ಸಂತೆಯಲ್ಲಿ ಸಿಕ್ಕಾಗ ಮಾತಾಡುತ್ತಾರೆ, ಅಷ್ಟೇ ಸಾಕಿತ್ತು.

ಹೋದ ಜೂನ್ 25ಕ್ಕೆ ತುರ್ತು ಪರಿಸ್ಥಿತಿಯ ಬಗ್ಗೆ ಬರೆದೆ. ಸ್ನೇಹಲತಾ ರೆಡ್ಡಿಯವರ ಕತೆಯನ್ನು ವಿವರವಾಗಿ ಹೇಳಿದೆ. ರಂಗಭೂಮಿ, ಸಿನಿಮಾದಲ್ಲಿ ಹೆಸರು ಮಾಡಿದ ಹೆಂಗಸು, ಜೋರು ಆಸ್ತಮಾ ಇತ್ತು. 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಸರ್ಕಾರದ ವಿರುದ್ಧ ಡೈನಮೈಟ್ ಸ್ಫೋಟಕ್ಕೆ ಸಂಚು ಮಾಡಿದರು ಅನ್ನುವ ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿ ಹಿಡಿದರು, ಆದರೆ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಜನವರಿ 20ಕ್ಕೆ ತೀರಿಕೊಂಡರು. ಆ ಲೇಖನದಲ್ಲಿ ಒಂದೇ ಒಂದು ಪ್ಯಾರಾ ಬೇರೆ ಇತ್ತು: ಇದೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಭೂನ್ಯಾಯಮಂಡಳಿಗಳು ಗೇಣಿದಾರರಿಗೆ ಜಮೀನು ಕೊಡುತ್ತಿದ್ದವು, ನನ್ನ ಅಜ್ಜನಿಗೂ ಕೊಟ್ಟವು ಅಂತ.

ಆಗಸ್ಟ್ 20 ಆಗಿನ ಮುಖ್ಯಮಂತ್ರಿ ದೇವರಾಜ ಅರಸರು ಹುಟ್ಟಿದ ದಿನ. ಅವತ್ತಿಗೆ ಭೂಸುಧಾರಣೆಯ ಬಗ್ಗೆ ಬರೆದೆ. ಈ ಜಮೀನು ಉಳುವುದು ನಾನು ಅನ್ನುವ ಡಿಕ್ಲರೇಷನ್ ಕೊಡಲು ಅಜ್ಜ ನಡೆದುಕೊಂಡೇ ತಾಲ್ಲೂಕು ಕಚೇರಿಗೆ ಹೋದದ್ದು, ವಾಪಸ್ ಬರುವಾಗ ಒಡೆಯರ ಮನೆಯ ಮುಂದಿನ ದಾರಿ ಬಿಟ್ಟು ಗದ್ದೆಯ ಅಂಚಿನಲ್ಲಿ ಬಂದದ್ದು, ಎಲ್ಲ ಬರೆದೆ. ಅಲ್ಲೂ ಒಂದು ಪ್ಯಾರಾ ಬೇರೆ ಇತ್ತು: ಸ್ನೇಹಲತಾ ರೆಡ್ಡಿ ಇದ್ದ ಜೈಲು ಇದೇ ಅರಸರ ಸರ್ಕಾರದ ಜೈಲು ಅಂತ.

ಜೂನ್ ಲೇಖನಕ್ಕೆ ಒಂದು ಗುಂಪು ಸಿಟ್ಟಾಯಿತು. "ತುರ್ತು ಪರಿಸ್ಥಿತಿಗೆ ಬಣ್ಣ ಹಚ್ಚುತ್ತಿದ್ದೀಯಾ" ಅಂದರು. ಆಗಸ್ಟ್ ಲೇಖನಕ್ಕೆ ಇನ್ನೊಂದು ಗುಂಪು. "ಹಿಂದುಳಿದವರ ನಾಯಕನಿಗೆ ಕೆಸರು ಎರಚಲು ನಿನಗೆ ಎಷ್ಟು ಕೊಟ್ಟರು" ಅಂತ ಕೇಳಿದರು. ಎರಡನೆಯದು ಜಾಸ್ತಿ ನೋವಾಯಿತು, ಯಾಕೆಂದರೆ ಅವರು ನನ್ನವರು. ನನ್ನ ದೊಡ್ಡಪ್ಪನ ಮಗನೇ ಎರಡು ತಿಂಗಳು ಮಾತು ಬಿಟ್ಟ.

ಕಳೆದ ವಾರ ಸಂಪಾದಕರು ಕರೆದು ಹೇಳಿದರು: "ನೀವು ಚೆನ್ನಾಗಿ ಬರೀತೀರಿ. ಆದರೆ ಓದುಗರಿಗೆ ನೀವು ಯಾವ ಕಡೆ ಅಂತ ಗೊತ್ತಾಗುತ್ತಿಲ್ಲ. ಒಂದು ಕಡೆ ನಿಲ್ಲಿ, ಯಾವ ಕಡೆಯಾದರೂ ಪರವಾಗಿಲ್ಲ."

ಆ ಕೊನೆಯ ಮಾತೇ ನನ್ನನ್ನು ಕಾಡುತ್ತಿದೆ. ಯಾವ ಕಡೆಯಾದರೂ ಪರವಾಗಿಲ್ಲ ಅಂದರೆ ನನ್ನ ಅಭಿಪ್ರಾಯ ಅವರಿಗೆ ಬೇಕಾಗಿಲ್ಲ, ನನ್ನ ಬೋರ್ಡು ಬೇಕು. ಎರಡೂ ಲೇಖನಗಳನ್ನು ಸೇರಿಸಿ ಒಂದು ದೊಡ್ಡ ಲೇಖನ ಬರೆದು ಕೊಟ್ಟು ನೋಡೋಣ ಅಂತಿದ್ದೇನೆ. ಬರೆಯಲಾ, ಬಿಡಲಾ?

ಹಳೇ ಮೇಷ್ಟ್ರು

ತಂಗೀ, ಬರೆ. ಬಿಡುವ ಮಾತೇ ಬೇಡ.

1975ರಲ್ಲಿ ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಹೊಸ ಮೇಷ್ಟ್ರು. ಡಿಕ್ಲರೇಷನ್ ಫಾರಂ ತುಂಬಿಸಿಕೊಳ್ಳಲು ಸಂಜೆ ಹೊತ್ತು ಶಾಲೆಗೆ ಜನ ಬರುತ್ತಿದ್ದರು. ಫಾರಂ ನಂಬರ್ 7. ಸರ್ವೆ ನಂಬರ್ ಗೊತ್ತಿರುತ್ತಿರಲಿಲ್ಲ, "ಹೊಳೆಬದಿ ಗದ್ದೆ, ಹಲಸಿನ ಮರದ ಕೆಳಗಿಂದು" ಅನ್ನುತ್ತಿದ್ದರು. ರಸೀದಿ ಇಲ್ಲ, ಗೇಣಿಚೀಟಿ ಇಲ್ಲ. ಎಲ್ಲ ಬಾಯಿಮಾತಿನ ಗೇಣಿ.

ಭೂಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ಆ ತಿದ್ದುಪಡಿಯಲ್ಲಿ ಒಂದು ಜಾಣತನ ಇತ್ತು. ಮಂಡಳಿಯ ಮುಂದೆ ವಕೀಲರು ವಾದ ಮಾಡುವ ಹಾಗಿರಲಿಲ್ಲ. ಒಡೆಯ ಹುಬ್ಬಳ್ಳಿಯಿಂದ ದೊಡ್ಡ ವಕೀಲರನ್ನು ತರುತ್ತಾನೆ, ಗೇಣಿದಾರ ಯಾರನ್ನು ತರಬೇಕು? ಅದಕ್ಕೇ ಆ ನಿಯಮ. ಅಸಿಸ್ಟೆಂಟ್ ಕಮಿಷನರ್ ಕೂತು ನೇರವಾಗಿ ಕೇಳುತ್ತಿದ್ದರು: "ಉಳೋದು ಯಾರು?" ಇಡೀ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು.

ಈಗ ನಿನ್ನ ಎರಡು ಪ್ಯಾರಾಗಳ ವಿಷಯ. ನೀನು ಅವನ್ನು ಎರಡು ಬೇರೆ ಸಂಗತಿ ಅಂತ ಬರೆದಿದ್ದೀಯ. ನಾನು ಕಣ್ಣಾರೆ ಕಂಡದ್ದು ಹಾಗಲ್ಲ. ಆ ಇಪ್ಪತ್ತೊಂದು ತಿಂಗಳು ಎಲ್ಲರಿಗೂ ಹೆದರಿಕೆ ಇತ್ತು. ಕಚೇರಿಯ ಗುಮಾಸ್ತ ಫೈಲು ಮುಚ್ಚಿಡಲು ಹೆದರುತ್ತಿದ್ದ. ಒಡೆಯರು ಗೇಣಿದಾರನನ್ನು ಗದರಿಸಲು ಹೆದರುತ್ತಿದ್ದರು. ಇಂದಿರಾ ಗಾಂಧಿಯವರ 20 ಅಂಶಗಳ ಕಾರ್ಯಕ್ರಮದಲ್ಲಿ ಭೂಮಿಯ ವಿಷಯ ಇದೆ, ಎದುರು ನಿಂತರೆ ಒಳಗೆ ಹಾಕಿದರೂ ಹಾಕಬಹುದು ಅಂತ ಊರಲ್ಲಿ ಗುಸುಗುಸು. ನಮ್ಮೂರ ಗೇಣಿದಾರನಿಗೆ ಧೈರ್ಯ ಕೊಟ್ಟದ್ದೂ, ಜೈಲಿನಲ್ಲಿದ್ದ ಆ ತಾಯಿಗೆ ಉಸಿರು ಕಟ್ಟಿಸಿದ್ದೂ ಒಂದೇ ಹೆದರಿಕೆ. ಇದನ್ನು ಬರೆಯಲು ಆಗುತ್ತದಾ ನೋಡು. ನನಗಂತೂ ಇಷ್ಟು ವರ್ಷ ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅರಸರ ಫೋಟೋ ಈಗಲೂ ನಮ್ಮ ಮನೆಯಲ್ಲಿದೆ.

ಬಯಲುಸೀಮೆ ಹುಡುಗ

ಮೇಡಂ, ನಾನು ನಿಮ್ಮ ಎದುರಿನ ಕಡೆಯವನು ಅಂತಲೇ ಇಟ್ಟುಕೊಳ್ಳಿ. ನಮ್ಮ ತಾತ ಜನಸಂಘದವರು, ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿಗೆ ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಾಗ ಇಲ್ಲೇ ಅರೆಸ್ಟ್ ಆಗಿ ಅದೇ ಸೆಂಟ್ರಲ್ ಜೈಲಿನಲ್ಲಿದ್ದರು. ನಮ್ಮ ಮನೆಯಲ್ಲಿ ಅರಸು ಹೆಸರು ಒಳ್ಳೆಯ ಮಾತಿನಲ್ಲಿ ಬಂದದ್ದೇ ಇಲ್ಲ.

ನಿಮ್ಮ ಸಂಪಾದಕರ ಮಾತು ಓದಿ ನನ್ನದೇ ಕತೆ ನೆನಪಾಯಿತು. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ 40ರವರೆಗೆ ಕಮಿಷನ್ ಕೇಳುತ್ತಾರೆ ಅಂತ ದೂರಿತು. ನಾನು ಇಷ್ಟೇ ಬರೆದೆ: "ಇದು ಸುಳ್ಳಾದರೆ ತನಿಖೆ ಮಾಡಿಸಿ ಸುಳ್ಳು ಅಂತ ತೋರಿಸಿ, ನಿಜವಾದರೆ ನಮ್ಮವರೇ ಆದರೂ ಹೊರಗೆ ಹಾಕಿ." ನನ್ನ ಸ್ವಂತ ಗೆಳೆಯರು ನನ್ನನ್ನು ಗುಂಪಿನಿಂದ ತೆಗೆದರು. ಚುನಾವಣೆ ಹತ್ತಿರ ಇದೆ, ಈಗ ಯಾಕೆ, ಇದು ಅವರ ಮಾತಲ್ವಾ ಅಂದರು. ನಾನು ಪಕ್ಷ ಬಿಟ್ಟಿರಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ನನ್ನ ವೋಟು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತು. ಆದರೂ ಆ ಒಂದು ಸಾಲಿಗೆ ಹತ್ತು ವರ್ಷದ ಸ್ನೇಹ ಹೋಯಿತು.

ಚುನಾವಣೆ ಹತ್ತಿರ ಇಲ್ಲದ ಕಾಲ ಯಾವುದು ಹೇಳಿ? ಗ್ರಾಮ ಪಂಚಾಯ್ತಿ, ತಾಲ್ಲೂಕು, ವಿಧಾನಸಭೆ, ಲೋಕಸಭೆ. "ಈಗ ಬೇಡ" ಅನ್ನುತ್ತಾ ಹೋದರೆ ಆಯಸ್ಸೇ ಮುಗಿಯುತ್ತದೆ.

ನೀಲಿ ಶಾಲು

ಅಕ್ಕ, ನಿಮ್ಮ ಬರಹದ ಮೇಲೆ ಗೌರವ ಇಟ್ಟುಕೊಂಡೇ ಒಂದು ಕಟುವಾದ ಪ್ರಶ್ನೆ ಕೇಳುತ್ತೇನೆ.

ಅರಸು ಬಗ್ಗೆ ಬರೆದಾಗ ತುರ್ತು ಪರಿಸ್ಥಿತಿಯ ಬಾಲ ಕಟ್ಟಿದಿರಿ. ತುರ್ತು ಪರಿಸ್ಥಿತಿಯ ಬಗ್ಗೆ ಬರೆದಾಗ ಭೂಮಿಯ ಬಾಲ ಕಟ್ಟಿದಿರಿ. ಇದು ಸ್ವತಂತ್ರ ಯೋಚನೆಯೋ ಅಥವಾ ಯಾರೂ ಬೈಯದಿರಲಿ ಅಂತ ಕಟ್ಟಿಕೊಂಡ ತಾಯಿತವೋ? ಪ್ರತಿ ಲೇಖನಕ್ಕೂ ಎದುರು ಕಡೆಯ ಒಂದು ಪ್ಯಾರಾ ಸೇರಿಸಲೇಬೇಕು ಅನ್ನುವುದೂ ಒಂದು ಮಡಿಯೇ. ಪಕ್ಷದವರದು ಒಂದು ಥರದ ಮಡಿ, ಸಮತೂಕದವರದು ಇನ್ನೊಂದು ಥರ.

ಸಿದ್ಧಾಂತ ಅಂದ ತಕ್ಷಣ ಮೂಗು ಮುರಿಯುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಸಿದ್ಧಾಂತ ಬೇಕಾಗಿಲ್ಲ, ಯಾಕೆಂದರೆ ಅದಿಲ್ಲದೆಯೂ ಅವರ ಮನೆಗೆ ನೀರು ಬರುತ್ತದೆ. ನಮಗೆ ಸಂಘಟನೆ ಬೇಕಾಯಿತು. 1973ರ ನವೆಂಬರ್ ನೆನಪಿದೆಯಾ? ಬಿ. ಬಸವಲಿಂಗಪ್ಪನವರು ಇದೇ ಅರಸರ ಸಂಪುಟದಲ್ಲಿ ಮಂತ್ರಿ. ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಒಬ್ಬ ಮನುಷ್ಯ ತನಗೆ ಅನ್ನಿಸಿದ್ದನ್ನು ಹೇಳಿದ್ದು, ಅಷ್ಟೇ. ಊರೂರಲ್ಲಿ ಗಲಾಟೆ ಆಯಿತು. ದಲಿತ ಹುಡುಗರು ಹಾಸ್ಟೆಲುಗಳಲ್ಲಿ, ಬೀದಿಗಳಲ್ಲಿ ಪೆಟ್ಟು ತಿಂದರು. ಕೊನೆಗೆ ಬಸವಲಿಂಗಪ್ಪ ಮಂತ್ರಿ ಪದವಿ ಬಿಟ್ಟರು. ಅವತ್ತು ಸ್ವತಂತ್ರವಾಗಿ ಯೋಚಿಸುವ ಎಷ್ಟು ಜನ ಅವರ ಪಕ್ಕದಲ್ಲಿ ನಿಂತರು? ಆ ಪೆಟ್ಟು ತಿಂದವರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಒಬ್ಬೊಬ್ಬರೇ ಸ್ವತಂತ್ರರಾಗಿ ಉಳಿದಿದ್ದರೆ ಒಬ್ಬೊಬ್ಬರೇ ಪೆಟ್ಟು ತಿನ್ನುತ್ತಿದ್ದರು.

ಇನ್ನೊಂದು ವಿಷಯ. ಭೂಸುಧಾರಣೆಯಲ್ಲಿ ಜಮೀನು ಸಿಕ್ಕಿದ್ದು ಗೇಣಿ ಮಾಡುತ್ತಿದ್ದವರಿಗೆ. ನಮ್ಮ ತಾತ ಗೇಣಿದಾರ ಆಗಿರಲಿಲ್ಲ, ಗೇಣಿದಾರನ ಗದ್ದೆಯಲ್ಲಿ ಕೂಲಿ. ಕೂಲಿಯವನಿಗೆ ಎಲ್ಲಿಯ ಫಾರಂ 7? ನಿಮ್ಮ ಎರಡು ಲೇಖನದಲ್ಲೂ, ಆ ಎರಡು ಪ್ಯಾರಾದಲ್ಲೂ ಅವನಿಲ್ಲ.

ಗಂಗಾವಳಿ ದಡ

ನೀಲಿ ಶಾಲು ತಮ್ಮಾ, ನಿಮ್ಮ ಮಾತು ಓದಿ ಒಂದು ಗಂಟೆ ಸುಮ್ಮನೆ ಕೂತೆ. ತಾಯಿತ ಅಂದಿರಲ್ಲ, ಆಗಸ್ಟ್ ಲೇಖನದ ಮಟ್ಟಿಗೆ ಅದು ನಿಜ. ಜೂನ್‌ನಲ್ಲಿ ಬೈಸಿಕೊಂಡಿದ್ದೆ. ಆಗಸ್ಟ್‌ನಲ್ಲಿ ಅರಸರ ಬಗ್ಗೆ ಬರೀ ಒಳ್ಳೆಯದು ಬರೆದರೆ "ನೋಡಿ, ಅವಳು ಆ ಕಡೆಯವಳು" ಅನ್ನುತ್ತಾರೆ ಅಂತ ಹೆದರಿ ಆ ಪ್ಯಾರಾ ಸೇರಿಸಿದೆ. ಬರೆಯುವಾಗ ಹಾಗೆ ಅಂದುಕೊಳ್ಳಲಿಲ್ಲ, ಈಗ ಕಾಣುತ್ತಿದೆ. ಆ ಪ್ಯಾರಾ ಲೇಖನಕ್ಕೆ ಅಂಟಿಕೊಂಡೇ ಇಲ್ಲ, ಕೊನೆಯಲ್ಲಿ ಬಾಲದ ಹಾಗೆ ಜೋತಾಡುತ್ತಿದೆ.

ಕೂಲಿಯವರ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಜ್ಜನ ಗದ್ದೆಯಲ್ಲಿ ನೆಟ್ಟಿ ಮಾಡಲು ಬರುತ್ತಿದ್ದವರ ಹೆಸರು ನನಗೆ ಗೊತ್ತು, ಮುಖ ಗೊತ್ತು. ಅವರಿಗೆ ಏನು ಸಿಕ್ಕಿತು ಅಂತ ಒಂದು ಸಲವೂ ಕೇಳಿಕೊಂಡಿಲ್ಲ.

ಮೇಷ್ಟ್ರೇ, ನೀವು ಹೇಳಿದ ಒಂದೇ ಹೆದರಿಕೆಯ ಮಾತು ನನ್ನ ಲೇಖನವನ್ನೇ ತಿರುಗಿಸಿಬಿಟ್ಟಿತು.

ಕುಂದಾಪುರದ ಮೊಮ್ಮಗ

ನಾನು ಮಾತಾಡಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಈ ವಿಷಯ ಬಂದಾಗೆಲ್ಲ ನಮ್ಮ ಮನೆಯವರು "ಭೂಮಾಲೀಕರು" ಆಗಿಬಿಡುತ್ತೇವೆ, ಆಮೇಲೆ ನಮ್ಮ ಮಾತು ಯಾರೂ ಕೇಳುವುದಿಲ್ಲ.

ನನ್ನ ಅಜ್ಜಿ ಮೂವತ್ತೊಂದನೇ ವಯಸ್ಸಿಗೆ ವಿಧವೆ. ನಾಲ್ಕು ಮಕ್ಕಳು. ಎರಡೂವರೆ ಎಕರೆ ಗದ್ದೆ ಇತ್ತು. ನಮ್ಮ ಕಡೆ ಆ ಕಾಲಕ್ಕೆ ಆ ಜಾತಿಯ ಹೆಂಗಸು ಗದ್ದೆಗಿಳಿದು ಉಳುವ ಹಾಗಿರಲಿಲ್ಲ. ಚಾಲಗೇಣಿಗೆ, ಅಂದರೆ ಒಡೆಯರು ಬೇಕಾದಾಗ ಬಿಡಿಸಿಕೊಳ್ಳಬಹುದಾದ ಗೇಣಿಗೆ, ಕೊಟ್ಟರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಬರುತ್ತಿತ್ತು, ಅದರಲ್ಲೇ ಮಕ್ಕಳು ಬೆಳೆದರು. 1974ರ ತಿದ್ದುಪಡಿಯಲ್ಲಿ ವಿನಾಯಿತಿ ಉಳಿದದ್ದು ಸೈನಿಕರಿಗೆ ಮತ್ತು ಹಡಗಿನ ಕೆಲಸದವರಿಗೆ. ವಿಧವೆಯರಿಗೆ ಇರಲಿಲ್ಲ. ಗದ್ದೆ ಹೋಯಿತು. ಪರಿಹಾರ ಕಂತಿನಲ್ಲಿ ಬಂತು, ಅದು ಲೆಕ್ಕಕ್ಕೇ ಸಿಗದಷ್ಟು ಚಿಲ್ಲರೆ. ಅಪ್ಪ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದರು.

ಇಷ್ಟು ಹೇಳಿ ಇನ್ನೊಂದನ್ನೂ ಹೇಳುತ್ತೇನೆ. ಆ ಕಾನೂನು ಬೇಕಾಗಿತ್ತು. ನಮ್ಮ ಗದ್ದೆ ಉತ್ತವರ ಮೊಮ್ಮಗಳು ಈಗ ಊರಿನ ಪಿಎಚ್‌ಸಿಯಲ್ಲಿ ಡಾಕ್ಟರ್. ನನ್ನ ಅಮ್ಮನಿಗೆ ಶುಗರ್ ನೋಡುವುದು ಅವರೇ. ಇದನ್ನು ನನ್ನ ಸಂಬಂಧಿಕರ ಮುಂದೆ ಹೇಳಿದರೆ ಮನೆಹಾಳ ಅನ್ನುತ್ತಾರೆ. ಅಜ್ಜಿಯ ಕತೆಯನ್ನು ನನ್ನ ಪ್ರಗತಿಪರ ಗೆಳೆಯರ ಮುಂದೆ ಹೇಳಿದರೆ, ಹಳೇ ಧಣಿಗಳ ಗೋಳು ಅನ್ನುತ್ತಾರೆ. ಹಾಗಾಗಿ ಎರಡನ್ನೂ ಒಟ್ಟಿಗೆ ಎಲ್ಲೂ ಹೇಳಿರಲಿಲ್ಲ. ಇಲ್ಲೇ ಮೊದಲು.

ಹಳೇ ಸಂಚಿಕೆ

ಸಂಪಾದಕರ ಮಾತಿಗೆ ಬರೋಣ, ಯಾಕೆಂದರೆ ಅದರ ಹಿಂದೆ ದುಡ್ಡಿದೆ.

1980ರಲ್ಲಿ ಲಂಕೇಶ್ ಪತ್ರಿಕೆ ಶುರುವಾದಾಗ ನಾನು ಕಾಲೇಜು ಹುಡುಗ. ಜಾಹೀರಾತು ಇಲ್ಲ, ಓದುಗ ಕೊಟ್ಟ ದುಡ್ಡಿನಲ್ಲೇ ನಡೆಯುತ್ತಿತ್ತು. ಗುಂಡೂರಾವ್ ಸರ್ಕಾರವನ್ನು ವಾರ ವಾರವೂ ಬೆನ್ನು ಹತ್ತಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಮೊದಲ ಸಲ ಇಲ್ಲಿ ಅಧಿಕಾರ ಕಳೆದುಕೊಂಡಿತು, ರಾಮಕೃಷ್ಣ ಹೆಗಡೆ ಬಂದರು. ನಾವೆಲ್ಲ ಕುಣಿದೆವು. ಇನ್ನು ಪತ್ರಿಕೆ ನಮ್ಮ ಸರ್ಕಾರದ ಪತ್ರಿಕೆ ಅಂದುಕೊಂಡೆವು. ಹಾಗಾಗಲಿಲ್ಲ. ಹೆಗಡೆಯವರನ್ನೂ ಬಿಡಲಿಲ್ಲ. ಸಾರಾಯಿ ಬಾಟ್ಲಿಂಗ್ ಹಗರಣದಲ್ಲಿ 1986ರಲ್ಲಿ ಹೈಕೋರ್ಟ್ ಮಾತಿನ ನಂತರ ಹೆಗಡೆ ರಾಜೀನಾಮೆ ಕೊಟ್ಟು ವಾಪಸ್ ತೆಗೆದುಕೊಂಡರಲ್ಲ, ಆಗ ನನ್ನ ರೂಂಮೇಟ್ ಪತ್ರಿಕೆಯನ್ನು ನೆಲಕ್ಕೆ ಎಸೆದಿದ್ದ. "ಇವರಿಗೆ ಯಾರೂ ಆಗಿಬರಲ್ಲ" ಅಂತ. ಮುಂದಿನ ವಾರ ಅವನೇ ಕೊಂಡು ತಂದ.

ಹಾಗಂತ ಲಂಕೇಶರು ಪೂಜೆಯ ಮೂರ್ತಿ ಅಲ್ಲ. ಅವರು ಬರೆದದ್ದರಲ್ಲಿ ವೈಯಕ್ತಿಕ ಸಿಟ್ಟು ಎಷ್ಟಿತ್ತು ಅಂತ ಈಗ ಓದಿದರೆ ಗೊತ್ತಾಗುತ್ತದೆ. ಪ್ರಗತಿರಂಗ ಅಂತ ತಾವೇ ರಾಜಕೀಯಕ್ಕೆ ಕೈ ಹಾಕಿದರು, ಅದು ಬೇರು ಬಿಡಲಿಲ್ಲ. ಆದರೆ ಅವರನ್ನು ಬದುಕಿಸಿದ್ದು ಆ ಲೆಕ್ಕ: ಜಾಹೀರಾತುದಾರ ಇಲ್ಲ, ಹಾಗಾಗಿ ಅವನು ಸಿಟ್ಟಾಗುವ ಪ್ರಶ್ನೆ ಇಲ್ಲ.

ಈಗ ಸಣ್ಣ ಪತ್ರಿಕೆ ನಡೆಯುವುದು ವಾರ್ತಾ ಇಲಾಖೆಯ ಜಾಹೀರಾತಿನಲ್ಲಿ, ಹುಟ್ಟುಹಬ್ಬದ ಶುಭಾಶಯದ ಜಾಹೀರಾತಿನಲ್ಲಿ. ಯೂಟ್ಯೂಬ್ ಮಾಡುವವರದು ಇನ್ನೂ ಕಷ್ಟ. ಅಲ್ಲಿ ಓದುಗನೇ ಜಾಹೀರಾತುದಾರ. ತನಗೆ ಬೇಕಾದದ್ದು ಕೇಳಲು ಬಂದವನು ಬೇರೆ ಕೇಳಿದರೆ ಎದ್ದು ಹೋಗುತ್ತಾನೆ, ಆ ಸಂಜೆಯೇ ಸಂಖ್ಯೆಯಲ್ಲಿ ಕಾಣುತ್ತದೆ. ಲಂಕೇಶರಿಗೆ ಒಂದು ವಾರ ಸಮಯ ಸಿಗುತ್ತಿತ್ತು. ನನ್ನ ರೂಂಮೇಟಿಗೂ ಸಿಟ್ಟು ಇಳಿಯಲು ಒಂದು ವಾರ ಸಿಕ್ಕಿತು.

ಮೇಡಂ, ನಿಮಗೆ ಆ ಪತ್ರಿಕೆ ದುಡ್ಡೇ ಕೊಡುತ್ತಿಲ್ಲ. ಕಳೆದುಕೊಳ್ಳುವುದು ಏನಿದೆ?

ಗಂಗಾವಳಿ ದಡ

ಸರ್, ಕಳೆದುಕೊಳ್ಳುವುದು ದೊಡ್ಡಪ್ಪನ ಮನೆಯ ಹಬ್ಬದ ಊಟ. ಸಣ್ಣ ಊರಿನಲ್ಲಿ ಅದು ಸಣ್ಣದಲ್ಲ.

ಲೆಕ್ಕದ ಪುಸ್ತಕ

ಹಳೆಯದರ ಬಗ್ಗೆ ಧೈರ್ಯವಾಗಿ ಬರೆಯುವುದು ಸುಲಭ. ಅರಸರು 1982ರಲ್ಲೇ ಹೋದರು. ಇವತ್ತಿನದಕ್ಕೆ ಬರೋಣ.

2013ರಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ ಕಾಯ್ದೆ ತಂದಿತು. ಜನಸಂಖ್ಯೆಗೆ ತಕ್ಕ ಹಾಗೆ ಬಜೆಟ್ ದುಡ್ಡನ್ನು ಪರಿಶಿಷ್ಟರಿಗೇ ಮೀಸಲಿಡಬೇಕು. ಒಳ್ಳೆಯ ಕಾಯ್ದೆ. ಅದರಲ್ಲಿ 7(ಡಿ) ಅಂತ ಒಂದು ಕಿಂಡಿ ಇತ್ತು, ಎಲ್ಲರಿಗೂ ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೆ ಮಾಡಿದ ಖರ್ಚು ಅಂತ ತೋರಿಸಬಹುದಿತ್ತು. 2023ರಲ್ಲಿ ಅವರದೇ ಎರಡನೇ ಸರ್ಕಾರ ಆ ಕಿಂಡಿ ಮುಚ್ಚಿತು. ಅದೂ ಒಳ್ಳೆಯದು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಆ ಹಣದಿಂದ 11 ಸಾವಿರ ಕೋಟಿಗೂ ಜಾಸ್ತಿ ತೆಗೆದಿಟ್ಟಿತು. ಗೃಹಲಕ್ಷ್ಮಿಯ 2,000 ರೂಪಾಯಿ ಪಡೆಯುವವರಲ್ಲಿ ಪರಿಶಿಷ್ಟ ಹೆಂಗಸರೂ ಇದ್ದಾರಲ್ಲ, ಅವರಿಗೆ ಹೋದ ಪಾಲನ್ನು ಇಲ್ಲಿಂದ ಕೊಡುತ್ತೇವೆ ಅಂತ ಸರ್ಕಾರದ ವಾದ.

ನಾನು ಗ್ಯಾರಂಟಿಗಳ ಪರ. ಹೆಂಗಸರ ಉಚಿತ ಬಸ್ಸಿನ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ನನ್ನ ಅತ್ತಿಗೆ ಮೊದಲ ಸಲ ಒಬ್ಬಳೇ ತವರಿಗೆ ಹೋಗಿಬಂದಳು, ಯಾರ ಹತ್ತಿರವೂ ದುಡ್ಡು ಕೇಳದೆ. ಆದರೆ ನನ್ನ ಪ್ರಶ್ನೆ ಇಷ್ಟು: ಬೇರೆ ಎಲ್ಲ ಹೆಂಗಸರಿಗೆ ಸಾಮಾನ್ಯ ಬಜೆಟ್‌ನಿಂದ ಕೊಡುವಾಗ, ಪರಿಶಿಷ್ಟ ಹೆಂಗಸಿಗೆ ಮಾತ್ರ ಅವಳದೇ ಸಮುದಾಯದ ಹಾಸ್ಟೆಲ್ ದುಡ್ಡಿನಿಂದ ಯಾಕೆ? ಇದನ್ನು ಕೇಳಿದರೆ "ಗ್ಯಾರಂಟಿ ವಿರೋಧಿ" ಅನ್ನುತ್ತಾರೆ. ಎದುರು ಪಕ್ಷದವರು ನನ್ನ ಪೋಸ್ಟ್ ಹಂಚುತ್ತಾರೆ, ಅದನ್ನು ತೋರಿಸಿ ನನ್ನವರು ನನ್ನನ್ನು ಬೈಯುತ್ತಾರೆ. ಯಾರು ಹಂಚಿದರು ಅನ್ನುವುದರಿಂದ ಲೆಕ್ಕ ತಪ್ಪಾಗುತ್ತದಾ?

ನೀಲಿ ಶಾಲು ಅಣ್ಣ, ಇದರ ಬಗ್ಗೆ ನಿಮ್ಮ ಸಂಘಟನೆ ಏನು ಹೇಳುತ್ತದೆ?

ನೀಲಿ ಶಾಲು

ನೇರ ಪ್ರಶ್ನೆ, ನೇರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಇದಕ್ಕೆ ಎರಡು ದಿನ ಜಗಳ ಆಯಿತು. ಕೆಲವರು "ಈ ಸರ್ಕಾರ ಬಿದ್ದರೆ ಬರುವವರು ಕಾಯ್ದೆಯನ್ನೇ ತೆಗೆಯುತ್ತಾರೆ, ಸುಮ್ಮನಿರೋಣ" ಅಂದರು. ಅವರ ಹೆದರಿಕೆ ಸುಳ್ಳಲ್ಲ. ನಾನು ಸುಮ್ಮನಿರಬಾರದು ಅಂದೆ. ಕೊನೆಗೆ ಮನವಿ ಕೊಟ್ಟೆವು, ಧರಣಿ ಕೂತೆವು. ಧರಣಿಗೆ ಬರದಿದ್ದವರ ಮೇಲೆ ಈಗಲೂ ನನಗೆ ಸಿಟ್ಟಿಲ್ಲ.

ಇಲ್ಲೇ ನಾನು ಮೇಲೆ ಹೇಳಿದ್ದಕ್ಕೆ ಸ್ವಲ್ಪ ತಿದ್ದುಪಡಿ. ನಾನು ಧರಣಿಗೆ ಹೋಗಲು ಕಾರಣ ನನ್ನ ಸಿದ್ಧಾಂತವೇ. ನಮ್ಮ ಮಕ್ಕಳ ಹಾಸ್ಟೆಲ್ ದುಡ್ಡು ನಮ್ಮ ಮಕ್ಕಳಿಗೆ ಅನ್ನುವುದು ಸಿದ್ಧಾಂತ. ಸುಮ್ಮನಿರಿ ಅಂದದ್ದು ಸಿದ್ಧಾಂತ ಅಲ್ಲ, ಅದು ಪಕ್ಷ. ಇವೆರಡನ್ನೂ ಒಂದೇ ಅಂತ ನಾವೇ ಕಲಸಿಕೊಂಡಿದ್ದೇವೆ. ಅಕ್ಕ, ನಿಮ್ಮನ್ನು ಬೈದವರೂ ಹಾಗೆಯೇ. ಉಳುವವನಿಗೆ ಭೂಮಿ ಅನ್ನುವುದಕ್ಕೆ ನೀವು ಎಲ್ಲಿ ದ್ರೋಹ ಮಾಡಿದಿರಿ?

ಕೋಲ್ಕತ್ತಾ ಕನ್ನಡಿಗ

ಬ್ಯಾಂಕ್ ಕೆಲಸಕ್ಕೆ ಒಂಬತ್ತು ವರ್ಷ ಕೋಲ್ಕತ್ತಾದಲ್ಲಿದ್ದೆ. ನೀಲಿ ಶಾಲು ಹೇಳಿದ್ದನ್ನು ಅಲ್ಲಿ ಕಣ್ಣಾರೆ ನೋಡಿದೆ.

2007ರ ಮಾರ್ಚ್ 14ಕ್ಕೆ ನಂದಿಗ್ರಾಮದಲ್ಲಿ ಪೊಲೀಸ್ ಗುಂಡಿಗೆ 14 ಜನ ಸತ್ತರು. ಜಮೀನು ಬಿಡುವುದಿಲ್ಲ ಅಂದವರು. ಗುಂಡು ಹಾರಿಸಿದ್ದು ಮೂವತ್ತು ವರ್ಷದಿಂದ ಆಳುತ್ತಿದ್ದ ಎಡರಂಗದ ಸರ್ಕಾರ, ಗೇಣಿದಾರರ ಹೆಸರು ದಾಖಲೆಗೆ ಸೇರಿಸಿದ ಆಪರೇಷನ್ ಬರ್ಗಾ ಮಾಡಿದ ಅದೇ ಸರ್ಕಾರ. ನನ್ನ ಆಫೀಸಿನ ಹಿರಿಯರೊಬ್ಬರು ಹುಟ್ಟಿನಿಂದ ಕೆಂಪು ಬಾವುಟದವರು. ಅವರು ವಾರಗಟ್ಟಲೆ ಮಾತಾಡಲಿಲ್ಲ. ಎಡರಂಗದಲ್ಲೇ ಹಣಕಾಸು ಮಂತ್ರಿ ಆಗಿದ್ದ ಅಶೋಕ್ ಮಿತ್ರ ಬಹಿರಂಗವಾಗಿ ಬರೆದು ತಮ್ಮವರನ್ನೇ ಟೀಕಿಸಿದರು. ನವೆಂಬರ್‌ನಲ್ಲಿ ದೊಡ್ಡ ಮೆರವಣಿಗೆ ಆಯಿತು, ಪಕ್ಷದ ಬಾವುಟ ಇಲ್ಲದ ಮೆರವಣಿಗೆ. ನಾನೂ ಫುಟ್‌ಪಾತಿನಲ್ಲಿ ನಿಂತಿದ್ದೆ. ಆ ಹಿರಿಯರು ಅದರಲ್ಲಿ ನಡೆಯುತ್ತಿದ್ದರು. ಮಾರನೇ ದಿನ ಕೇಳಿದೆ, ಪಕ್ಷ ಬಿಟ್ಟಿರಾ ಅಂತ. "ನಾನು ಯಾಕೆ ಬಿಡಲಿ, ಬಿಟ್ಟದ್ದು ಅವರು" ಅಂದರು.

ಸಂತೆಪೇಟೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಬ್ಬ ಸಾಮಾನ್ಯ ಓದುಗನಾಗಿ ಹೇಳುತ್ತೇನೆ. ಬೆಳಗ್ಗೆಯಿಂದ ಅಂಗಡಿಯಲ್ಲಿ ದುಡಿದು ರಾತ್ರಿ ಹತ್ತು ನಿಮಿಷ ಪೇಪರ್ ನೋಡುವವನಿಗೆ ಯಾರು ಸರಿ, ಯಾರು ತಪ್ಪು ಅಂತ ಗೊತ್ತಾಗಬೇಕು. ಅದೂ ಸರಿ, ಇದೂ ಸರಿ ಅಂದರೆ ನಾನು ಎಲ್ಲಿಗೆ ಹೋಗಲಿ? ಪಕ್ಷ ಹಿಡಿದು ಬರೆಯುವವನ ಹತ್ತಿರ ಒಂದು ಅನುಕೂಲ ಇದೆ, ಅವನು ಎಷ್ಟು ಕಳೆದು ಓದಬೇಕು ಅಂತ ನನಗೆ ಮೊದಲೇ ಗೊತ್ತಿರುತ್ತದೆ.

ಹಳೇ ಮೇಷ್ಟ್ರು

ಸಂತೆಪೇಟೆಯವರೇ, ನ್ಯಾಯವಾದ ಮಾತು. ಆದರೆ ತೀರ್ಪು ಕೊಡಬೇಡಿ ಅಂತ ಯಾರೂ ಹೇಳುತ್ತಿಲ್ಲ. ಜೈಲಿಗೆ ಹಾಕಿದ್ದು ತಪ್ಪು. ಪೂರ್ತಿ ತಪ್ಪು, ಅರ್ಧ ಅಲ್ಲ. ಉಳುವವನಿಗೆ ಭೂಮಿ ಕೊಟ್ಟದ್ದು ಸರಿ. ವಿಧವೆಯನ್ನು ಬಿಟ್ಟದ್ದು ತಪ್ಪು. ಕೂಲಿಯವನನ್ನು ಮರೆತದ್ದು ತಪ್ಪು. ನಾಲ್ಕು ತೀರ್ಪು ಆಯಿತಲ್ಲ. ನಾಲ್ಕನ್ನೂ ಕೂಡಿಸಿ ಒಂದೇ ಹೆಸರಿನ ಮುಂದೆ ಪಾಸು, ಫೇಲು ಅಂತ ಬರೆಯಿರಿ ಅಂದರೆ ನನ್ನಿಂದ ಆಗುವುದಿಲ್ಲ. ಶಾಲೆಯಲ್ಲೂ ಪ್ರತಿ ವಿಷಯಕ್ಕೆ ಬೇರೆ ಮಾರ್ಕು ಕೊಡುತ್ತಿದ್ದೆ.

ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿಯವರನ್ನು ನೋಡಿ. ಚುಟುಕದಿಂದ ಎಲ್ಲರಿಗೂ ಗೊತ್ತು. ಅವರು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದವರು, ಮೆತ್ತಗಿನವರ ಪಾಳೆಯ ಅಂತ ಜನ ಅನ್ನುತ್ತಿದ್ದ ಜಾಗ. ಅಲ್ಲಿಂದ ಬಂದು ಗೇಣಿದಾರರನ್ನು ಸಂಘಟಿಸಿದರು. ಬ್ರಿಟಿಷರು 1940ರಲ್ಲಿ ಜಿಲ್ಲೆಯಿಂದಲೇ ಐದು ವರ್ಷ ಗಡಿಪಾರು ಮಾಡಿದರು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. 1989ರಲ್ಲಿ ಇದೇ ಕ್ಷೇತ್ರದಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಮತ್ತು ಪರಿಸರದ ವಿಷಯ ಹಿಡಿದು ಪಕ್ಷೇತರರಾಗಿ ನಿಂತು ಸೋತರು. ತುರ್ತು ಪರಿಸ್ಥಿತಿಗೆ ಪ್ರತಿಭಟಿಸಿ ಪದ್ಮಭೂಷಣ ವಾಪಸ್ ಕೊಟ್ಟ ಮನುಷ್ಯ. ನಾನು ಅವರಿಗೆ ವೋಟು ಹಾಕಿದೆ. ನನ್ನ ಹೆಂಡತಿ ಹಾಕಲಿಲ್ಲ. "ಗೆದ್ದರೂ ಒಬ್ಬರೇ ಅಲ್ಲಿ ಕೂತು ಏನು ಮಾಡುತ್ತಾರೆ" ಅಂದಳು. ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಬಯಲುಸೀಮೆ ಹುಡುಗ

ಮೇಷ್ಟ್ರೇ, ಪ್ರತಿ ವಿಷಯಕ್ಕೆ ಬೇರೆ ಮಾರ್ಕು ಅಂದಿರಲ್ಲ, ಇದನ್ನು ತಾತನ ಮುಂದೆ ಓದಿ ಹೇಳಿದೆ. ಅವರಿಗೆ ಈಗ ತೊಂಬತ್ತು ದಾಟಿದೆ. ಅರಸು ಹೆಸರು ಕೇಳಿ ಮುಖ ತಿರುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಜೈಲಿನಲ್ಲಿ ತಮ್ಮ ಜೊತೆ ಇದ್ದ ಸಮಾಜವಾದಿಯೊಬ್ಬರ ಕತೆ ಹೇಳಿದರು. ಅವರ ಮನೆಯವರು ಗೇಣಿದಾರರು. ಒಳಗೆ ಇದ್ದಾಗಲೇ ಮನೆಯಿಂದ ಪತ್ರ ಬಂತಂತೆ, ಜಮೀನು ನಮ್ಮ ಹೆಸರಿಗೆ ಆಯಿತು ಅಂತ. ಆ ಮನುಷ್ಯ ಪತ್ರ ಓದಿ ಅತ್ತರಂತೆ. ಯಾಕೆ ಅತ್ತರು ಅಂತ ತಾತ ಆಗ ಕೇಳಲಿಲ್ಲವಂತೆ.

ಗಂಗಾವಳಿ ದಡ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಕುಂದಾಪುರದ ಮೊಮ್ಮಗ ಅವರ ಮಾತು ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಅಪ್ಪನ ಟ್ರಂಕಿನಲ್ಲಿ ಭೂನ್ಯಾಯಮಂಡಳಿಯ ಆದೇಶದ ಪ್ರತಿ ಇದೆ ಅಂತ ಗೊತ್ತಿತ್ತು, ಯಾವತ್ತೂ ತೆಗೆದು ನೋಡಿರಲಿಲ್ಲ. ಮೊನ್ನೆ ತೆಗೆಸಿದೆ. ಮಡಿಕೆಯಲ್ಲಿ ಹರಿದಿದೆ, ಟೈಪಿನ ಅಕ್ಷರ ಮಸುಕಾಗಿದೆ. ಆದರೆ ತಾರೀಖು ಓದಲು ಬರುತ್ತದೆ, 1976ರ ಆಗಸ್ಟ್. ಸ್ನೇಹಲತಾ ರೆಡ್ಡಿ ಜೈಲಿಗೆ ಹೋಗಿ ಮೂರು ತಿಂಗಳಾಗಿತ್ತು.

ಅರ್ಜಿದಾರರ ಜಾಗದಲ್ಲಿ ಅಜ್ಜನ ಹೆಸರು, "ಬಿನ್" ಅಂತ ಮುತ್ತಜ್ಜನ ಹೆಸರು. ಎದುರುದಾರರ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರಿದೆ. "ಕೋಂ" ಅಂತ ಬರೆದು ಗಂಡನ ಹೆಸರು, ಅದರ ಮುಂದೆ "ಮೃತ" ಅಂತ ಇದೆ. ನಾನು ಆಗಸ್ಟ್ ಲೇಖನದಲ್ಲಿ "ಒಡೆಯರ ಮನೆ" ಅಂತ ಬರೆದಾಗ ನನ್ನ ತಲೆಯಲ್ಲಿ ಜಗಲಿಯ ಮೇಲೆ ಕೂತ ಒಬ್ಬ ಮೀಸೆಯ ಗಂಡಸಿದ್ದ. ಅಜ್ಜ ಹಾಗೆ ಹೇಳಿರಲಿಲ್ಲ. ನಾನೇ ಕೂರಿಸಿದ್ದೆ.

ಅಪ್ಪನನ್ನು ಕೇಳಿದೆ. ಅಜ್ಜ ಆ ಮನೆಯ ಮುಂದೆ ಬರದೆ ಗದ್ದೆಯ ಅಂಚಿನಲ್ಲಿ ಬಂದದ್ದು ಹೆದರಿ ಅಲ್ಲವಂತೆ. ಆ ಹೆಂಗಸಿನ ಎದುರು ಬೀಳಲು ಆಗದೆ ಅಂತೆ. ಆದರೂ ಡಿಕ್ಲರೇಷನ್ ಕೊಟ್ಟರು. ಕೊಡದೆ ಇರಲೂ ಆಗುತ್ತಿರಲಿಲ್ಲ, ಮನೆಯಲ್ಲಿ ಹನ್ನೊಂದು ಜನ ಇದ್ದರು.

ನೀಲಿ ಶಾಲು ತಮ್ಮಾ, ನೆಟ್ಟಿಗೆ ಬರುತ್ತಿದ್ದವರ ಮನೆಗೂ ಹೋಗಿದ್ದೆ. ಆ ಅಜ್ಜಿ ಇನ್ನೂ ಇದ್ದಾರೆ. "ನಿಮಗೆ ಜಮೀನು ಆದ ವರ್ಷ ನಮಗೆ ಒಂದು ಹೊಸ ಸೀರೆ ಕೊಟ್ಟಿದ್ದರು" ಅಂದರು. ಅಷ್ಟೇ ಅವರ ಪಾಲಿಗೆ ಬಂದದ್ದು.

ಲೇಖನ ಹೊಸದಾಗಿ ಬರೆದೆ. ಬಾಲದ ಪ್ಯಾರಾ ತೆಗೆದೆ. ಆದೇಶದ ಕಾಗದದಿಂದಲೇ ಶುರು ಮಾಡಿದ್ದೇನೆ, ತಾರೀಖಿನಿಂದ ಜೈಲಿಗೆ ಹೋಗುತ್ತದೆ, ಎದುರುದಾರರ ಹೆಸರಿನಿಂದ ಆ ಮನೆಗೆ, ಸೀರೆಯಿಂದ ಕೂಲಿಯವರ ಕೇರಿಗೆ. ಸಂಪಾದಕರು ಹಾಕುತ್ತಾರೋ ಇಲ್ಲವೋ, ನಾಳೆ ಕೊಟ್ಟು ಬರುತ್ತೇನೆ.

ನಿನ್ನೆ ರಾತ್ರಿ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಮಧ್ಯದಲ್ಲಿ ಒಂದು ಸಲ ಎದ್ದು ಹೊರಗೆ ಹೋಗಿ ಬಂದರು. ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಆ ಅಮ್ಮನ ಹೆಸರು ಹಾಕಬೇಡ. ಅವರ ಮಕ್ಕಳು ಇನ್ನೂ ಊರಲ್ಲೇ ಇದ್ದಾರೆ." ಹೆಸರು ತೆಗೆದೆ. ದೊಡ್ಡಪ್ಪನ ಮಗನಿಗೂ ಒಂದು ಪ್ರತಿ ಕಳಿಸಿದ್ದೇನೆ.